ರಾತ್ರಿ ಕರೆಂಟ್ ಹೋದರೆ ಮಾತ್ರೆಯ ರಿಮೈಂಡರ್ ತಡವಾಗುವುದೇಕೆ? ಬ್ಯಾಟರಿ ಫಾರ್ವರ್ಡ್‌ಗಳು ಹೇಳದ ಟೈಮರ್ ಸಂಗತಿ

ಮಳೆಗಾಲ ಹಿಡಿಯುತ್ತಿದ್ದಂತೆ ವಾಟ್ಸ್‌ಆಪ್ ಗುಂಪುಗಳಲ್ಲಿ ಬ್ಯಾಟರಿ ಉಳಿಸುವ ಸಲಹೆಗಳು ಹರಿದಾಡತೊಡಗುತ್ತವೆ. ಮಲಗುವ ಮುನ್ನ ಎಲ್ಲ ಆಪ್‌ಗಳನ್ನೂ ಮೇಲಕ್ಕೆ ತಳ್ಳಿ ಮುಚ್ಚಿ. ಬ್ಯಾಟರಿ ಸೇವರ್ ಸದಾ ಆನ್ ಇಡಿ. ಅಲಾರಂಗಳು ರಾತ್ರಿಯಿಡೀ ಬ್ಯಾಟರಿ ಕುಡಿಯುತ್ತವೆ, ಬೇಡದ್ದನ್ನು ಅಳಿಸಿ. ಕೊನೆಗೆ, ಹತ್ತು ಜನರಿಗೆ ಕಳುಹಿಸಿ. ಕಳುಹಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇದನ್ನು ಪಾಲಿಸಿದ ಮನೆಯಲ್ಲಿ ಬೆಳಗಿನ ಮಾತ್ರೆಯ ರಿಮೈಂಡರ್ ಮುಕ್ಕಾಲು ಗಂಟೆ ತಡವಾಗಿ ಬಂದರೆ, ಎರಡಕ್ಕೂ ಸಂಬಂಧ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಫೋನ್ ಹಳೆಯದಾಯಿತು ಎಂದು ಬೈದು ಸುಮ್ಮನಾಗುತ್ತೇವೆ.

ಮೊದಲು ಚುಟುಕಾಗಿ ಉತ್ತರ ಹೇಳಿಬಿಡುತ್ತೇವೆ. ಆಪ್‌ಗಳನ್ನು ತಳ್ಳಿ ಮುಚ್ಚುವುದರಿಂದ ಬ್ಯಾಟರಿ ಉಳಿಯುತ್ತದೆ ಎನ್ನುವುದು ಬಹುಮಟ್ಟಿಗೆ ತಪ್ಪು. ದಿನಕ್ಕೊಂದು ಅಲಾರಂ ಬ್ಯಾಟರಿ ಕುಡಿಯುತ್ತದೆ ಎನ್ನುವುದೂ ತಪ್ಪು. ಬ್ಯಾಟರಿ ಸೇವರ್‌ನಿಂದ ಬ್ಯಾಟರಿ ಉಳಿಯುವುದು ನಿಜ, ಆದರೆ ಕೆಲವು ಆಪ್‌ಗಳ ರಿಮೈಂಡರ್ ತಡವಾಗುವುದೂ ಅಷ್ಟೇ ನಿಜ. ಯಾವ ಆಪ್‌ನದು ತಡವಾಗುತ್ತದೆ, ಯಾವುದರದು ಆಗುವುದಿಲ್ಲ ಎನ್ನುವುದು ಆ ಆಪ್ ಬರೆದವರು ಯಾವ ಬಗೆಯ ಟೈಮರ್ ಆರಿಸಿಕೊಂಡರು ಎಂಬುದರ ಮೇಲೆ ನಿಂತಿದೆ. ಈ ಆಯ್ಕೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಫಲ ನಮ್ಮ ಅಡುಗೆಮನೆಗೆ, ಮಾತ್ರೆ ಡಬ್ಬಿಗೆ ಬಂದು ತಟ್ಟುತ್ತದೆ.

ಬಾಡದ ಒಂದು ಮನೆ

ಕುಮಟಾ ತಾಲೂಕಿನ ಬಾಡದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಕಡಲ ಬದಿಯ ಊರು. ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದಾರೆ, ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ. ಅಜ್ಜನಿಗೆ ಪಾರ್ಕಿನ್ಸನ್ ಕಾಯಿಲೆ. ಅದಕ್ಕೆ ಕೊಡುವ ಲೆವೊಡೋಪ ಮಾತ್ರೆಯನ್ನು ಹೊತ್ತು ತಪ್ಪದೆ ತೆಗೆದುಕೊಳ್ಳಬೇಕು. ತಡವಾದರೆ ಕೈಕಾಲು ಬಿಗಿದು, ಹಾಸಿಗೆಯಿಂದ ಏಳುವುದೇ ಕಷ್ಟವಾಗಬಹುದು. ಮಗಳು ಊರಿಗೆ ಬಂದಿದ್ದಾಗ ಮಾತ್ರೆ ನೆನಪಿಸುವ ಆಪ್ ಒಂದನ್ನು ಹಾಕಿ, ಬೆಳಿಗ್ಗೆ 6 ಗಂಟೆಗೆ ಸಮಯ ಕೊಟ್ಟು ಹೋಗಿದ್ದಾಳೆ.

ಬೇಸಿಗೆಯಿಡೀ ಎಲ್ಲವೂ ಸರಿಯಿತ್ತು. ಅಜ್ಜ ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ ಮಲಗುತ್ತಾರೆ, ಆರಕ್ಕೆ ಸರಿಯಾಗಿ ಅದು ಕೂಗುತ್ತದೆ. ಆಷಾಢದ ಒಂದು ರಾತ್ರಿ ಗಾಳಿಮಳೆಗೆ ಎಲ್ಲೋ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋಯಿತು. ಬೆಳಿಗ್ಗೆ ಆರಕ್ಕೆ ಫೋನ್ ಕೂಗಲಿಲ್ಲ. ಆರೂಮುಕ್ಕಾಲಿಗೆ ಅಜ್ಜಿ ಹೊತ್ತು ನೋಡಲು ಫೋನ್ ಕೈಗೆತ್ತಿಕೊಂಡಾಗ, ಕೈಗೆತ್ತಿಕೊಂಡ ಆ ಕ್ಷಣದಲ್ಲೇ, ಟಣ್ ಎಂದು ರಿಮೈಂಡರ್ ಬಂತು. ಬ್ಯಾಟರಿ ಇನ್ನೂ ಶೇಕಡಾ 80 ಇತ್ತು.

ಕರೆಂಟಿಗೂ ಇದಕ್ಕೂ ಏನು ಸಂಬಂಧ? ನೇರ ಸಂಬಂಧವಿದೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಫೋನಿಗೆ ಡೋಜ್ ಎಂಬ ಗಾಢನಿದ್ರೆ ಇದೆ. ಡೋಜ್ ಎಂದರೆ ತೂಕಡಿಕೆ ಎಂದೇ ಅರ್ಥ. ಚಾರ್ಜರ್‌ನಿಂದ ಕರೆಂಟ್ ಬರುತ್ತಿಲ್ಲ, ಪರದೆ ಆರಿದೆ, ಫೋನ್ ಅಲುಗಾಡದೆ ಒಂದೇ ಕಡೆ ಬಿದ್ದಿದೆ: ಈ ಮೂರೂ ಸ್ವಲ್ಪ ಹೊತ್ತು ಒಟ್ಟಾದರೆ ಅದು ಆ ನಿದ್ರೆಗೆ ಜಾರುತ್ತದೆ. ಆಮೇಲೆ ಸಾಮಾನ್ಯ ದರ್ಜೆಯ ಟೈಮರ್‌ಗಳನ್ನೆಲ್ಲ ತಡೆಹಿಡಿದು, ಆಗಾಗ ಎದ್ದಾಗ ಒಟ್ಟಿಗೆ ಬಿಡುತ್ತದೆ. ರಾತ್ರಿ ಕಳೆದಂತೆ ಹಾಗೆ ಏಳುವುದೂ ಅಪರೂಪವಾಗುತ್ತ ಹೋಗುತ್ತದೆ. ಚಾರ್ಜಿಗೆ ಹಾಕಿ ಕರೆಂಟ್ ಇದ್ದಷ್ಟು ದಿನ ಈ ನಿದ್ರೆಯ ಪ್ರಶ್ನೆಯೇ ಬರಲಿಲ್ಲ. ಕರೆಂಟ್ ಹೋದ ರಾತ್ರಿ ಮೊದಲ ಬಾರಿಗೆ ಫೋನ್ ನಿಜವಾಗಿ ಮಲಗಿತು. ಅಜ್ಜಿ ಕೈಗೆತ್ತಿಕೊಂಡಾಗ ಎಚ್ಚರಗೊಂಡು, ಬಾಕಿ ಇದ್ದ ರಿಮೈಂಡರನ್ನು ಒಪ್ಪಿಸಿತು.

ನಿಮ್ಮ ಮನೆಯಲ್ಲೂ ಫೋನ್ ಮುಟ್ಟಿದ ಕೂಡಲೇ ಹಳೆಯ ರಿಮೈಂಡರ್‌ಗಳು ದಬದಬ ಬೀಳುತ್ತಿದ್ದರೆ ಕಾರಣ ಬಹುತೇಕ ಇದೇ.

ಮಿಸ್ಡ್ ಕಾಲ್ ಕೊಡು, ನಾನು ತಿರುಗಿ ಮಾಡ್ತೇನೆ

ಇದನ್ನು ಪೂರ್ತಿ ತಿಳಿಯಲು ಆಪ್ ಸಮಯವನ್ನು ಹೇಗೆ ಕಾಯುತ್ತದೆ ಎಂದು ನೋಡಬೇಕು. ಆಪ್ ಗಡಿಯಾರವನ್ನೇ ದಿಟ್ಟಿಸುತ್ತ ಕೂರುವುದಿಲ್ಲ. ಹಾಗೆ ಕೂತರೆ ಪ್ರೊಸೆಸರ್ ಒಂದು ಕ್ಷಣವೂ ಮಲಗುವಂತಿಲ್ಲ, ಮಧ್ಯರಾತ್ರಿಗೆ ಬ್ಯಾಟರಿ ಖಾಲಿ. ಬದಲಿಗೆ ಅದು ಫೋನಿನ ವ್ಯವಸ್ಥೆಗೆ ಒಂದು ಚೀಟಿ ಕೊಡುತ್ತದೆ: ಈ ಹೊತ್ತಿಗೆ ನನ್ನನ್ನು ಕರೆ, ಅಷ್ಟರವರೆಗೆ ನಾನು ಇರುವುದಿಲ್ಲ. ಪ್ರೋಗ್ರಾಂ ಬರೆಯುವವರು ಇದನ್ನು ಕಾಲ್‌ಬ್ಯಾಕ್ ಎನ್ನುತ್ತಾರೆ. ಹಿಂದೆ ನಾವೆಲ್ಲ ಮಿಸ್ಡ್ ಕಾಲ್ ಕೊಟ್ಟು, ಅತ್ತಲಿಂದ ಕರೆ ಬರುವವರೆಗೆ ನಮ್ಮ ಕೆಲಸ ಮಾಡಿಕೊಂಡಿರುತ್ತಿದ್ದೆವಲ್ಲ, ಅದೇ.

ಚೀಟಿ ಕೊಡುವಾಗ ಆಪ್ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಲೇಬೇಕು. ಯಾವ ಗಡಿಯಾರದ ಪ್ರಕಾರ? ಎಷ್ಟು ನಿಖರವಾಗಿ? ಫೋನ್ ಮಲಗಿದ್ದರೆ ಎಬ್ಬಿಸಬೇಕೇ? ಕರೆ ಬಂದಾಗ ಅದು ಯಾವ ದಾರಿಯಿಂದ ಬರಬೇಕು ಎನ್ನುವ ನಾಲ್ಕನೆಯದೂ ಒಂದಿದೆ, ಅದನ್ನು ಆಮೇಲೆ ನೋಡೋಣ.

ಒಂದೇ ಫೋನಿನಲ್ಲಿ ಮೂರು ಗಡಿಯಾರ

ಫೋನಿನ ಆಳದಲ್ಲಿ ಒಂದು ಪುಟ್ಟ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತಿರುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಹಾಗಾಗಿ ಎಣಿಸಲು ಸುಲಭ. ನಮ್ಮ ಕೈಗಡಿಯಾರಗಳಲ್ಲಿ ಇರುವುದೂ ಅದೇ ಬಗೆಯ ಸ್ಫಟಿಕ. ನೀವು ಅಲಾರಂ ಇಟ್ಟರೂ ಇಡದಿದ್ದರೂ ಅದು ಓಡುತ್ತಲೇ ಇರುತ್ತದೆ. ದಿನಕ್ಕೊಂದು ಅಲಾರಂನಿಂದ ಬ್ಯಾಟರಿ ಕರಗುತ್ತದೆ ಎನ್ನುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಆಂಡ್ರಾಯ್ಡ್‌ನ ಬುಡದಲ್ಲಿರುವ ಲಿನಕ್ಸ್ ಹಲವು ಗಡಿಯಾರಗಳನ್ನು ಕಟ್ಟಿಕೊಡುತ್ತದೆ. ನಮಗೆ ಮುಖ್ಯವಾದವು ಮೂರು. ರಿಯಲ್‌ಟೈಮ್ ಎನ್ನುವುದು ಗೋಡೆ ಗಡಿಯಾರ. ಪರದೆಯ ಮೇಲೆ ಕಾಣುವ ಹೊತ್ತು ಅದರದೇ. ಅದನ್ನು ಮುಂದೆ ಹಿಂದೆ ತಿರುಗಿಸಬಹುದು. ಮೊನೊಟಾನಿಕ್ ಎನ್ನುವುದನ್ನು ಯಾರೂ ತಿರುಗಿಸಲಾಗದು, ಮುಂದಕ್ಕೆ ಮಾತ್ರ ಓಡುತ್ತದೆ. ಆದರೆ ಫೋನ್ ಗಾಢನಿದ್ರೆಗೆ ಹೋದಾಗ ತಾನೂ ನಿಂತುಬಿಡುತ್ತದೆ. ಬೂಟ್‌ಟೈಮ್ ಎನ್ನುವುದು ಅದರಂತೆಯೇ, ಆದರೆ ನಿದ್ರೆಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ತಪ್ಪು ಗಡಿಯಾರ ಆರಿಸಿದರೆ ಏನಾಗುತ್ತದೆ ಎನ್ನಲು ನಮ್ಮ ಕರಾವಳಿಯಲ್ಲೇ ಉದಾಹರಣೆ ಸಿಗುತ್ತದೆ. ಭಟ್ಕಳದ ಎಷ್ಟೋ ಮನೆಗಳವರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 6ಕ್ಕೆ ರಿಮೈಂಡರ್ ಇಟ್ಟುಕೊಂಡವರು ಮಂಗಳೂರಿನಲ್ಲಿ ವಿಮಾನ ಇಳಿದು ಊರಿಗೆ ಬಂದರೆ ಮರುದಿನ ಅದು ಎಷ್ಟಕ್ಕೆ ಹೊಡೆಯಬೇಕು? ನಾವು ಬಯಸುವುದು ಇಲ್ಲಿನ ಆರಕ್ಕೆ. ಆದರೆ ವ್ಯವಸ್ಥೆಯ ಒಳಗೆ ಆ ಚೀಟಿ ಜಾಗತಿಕ ಕಾಲಮಾನದಲ್ಲಿ, ಅಂದರೆ ನಸುಕಿನ 2 ಗಂಟೆ ಎಂದು ದಾಖಲಾಗಿರುತ್ತದೆ. ಕಾಲವಲಯ ಬದಲಾದದ್ದನ್ನು ಗಮನಿಸಿ ಆಪ್ ಚೀಟಿಯನ್ನು ಹೊಸದಾಗಿ ಬರೆಯದಿದ್ದರೆ, ಇಲ್ಲಿ ಅದು ಏಳೂವರೆಗೆ ಕೂಗುತ್ತದೆ. ಅತ್ತ ಎಂಟು ಗಂಟೆಗೊಮ್ಮೆ ತೆಗೆದುಕೊಳ್ಳಬೇಕಾದ ಆ್ಯಂಟಿಬಯೋಟಿಕ್ ಆದರೆ ಗೋಡೆ ಗಡಿಯಾರ ನೋಡುವುದೇ ತಪ್ಪು. ದೇಹಕ್ಕೆ ದುಬೈ, ಭಟ್ಕಳ ಎಂಬ ಭೇದವಿಲ್ಲ, ಅಲ್ಲಿ ಬೂಟ್‌ಟೈಮ್ ಬಗೆಯ ಗಡಿಯಾರ ಬೇಕು.

ಬಾಡದ ಉತ್ತರಕ್ಕೆ ಅಘನಾಶಿನಿಯ ಅಳಿವೆ ಇದೆ. ಅಲ್ಲಿ ಬಳಚು ಆರಿಸುವವರು ನೀರು ಇಳಿದ ಹೊತ್ತಿಗೇ ಹೋಗಬೇಕು. ಇಳಿತ ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಯಾಕೆಂದರೆ ಕಡಲು ಕೇಳುವುದು ಹೆಚ್ಚಾಗಿ ಚಂದ್ರನ ಮಾತು. ದಿನಾ ಇದೇ ಹೊತ್ತಿಗೆ ಎಂಬ ರಿಮೈಂಡರ್ ಇಟ್ಟರೆ ನಾಲ್ಕನೆಯ ದಿನಕ್ಕೆ ಅದು ಎರಡೂವರೆ ಗಂಟೆ ಮೊದಲೇ ಕೂಗಿ ಎಬ್ಬಿಸುತ್ತದೆ. ಪ್ರತಿ ಬಾರಿಯೂ ಮುಂದಿನ ಇಳಿತವನ್ನು ಲೆಕ್ಕಹಾಕಿ ಹೊಸ ಒಂಟಿ ಚೀಟಿ ಕೊಡುವ ಆಪ್ ಮಾತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ಮೊನೊಟಾನಿಕ್. ಆಪ್ ತೆರೆದಿರುವಾಗ ಅರ್ಧ ಸೆಕೆಂಡಿನ ನಂತರ ಈ ಚಿತ್ರ ಮಾಯವಾಗಲಿ ಎಂಬಂಥ ಕೆಲಸಕ್ಕೆ ಅದು ಬಹಳ ಒಳ್ಳೆಯದು. ಆಂಡ್ರಾಯ್ಡ್‌ನಲ್ಲಿ ಹ್ಯಾಂಡ್ಲರ್ ಎಂಬ ಸುಲಭದ ಸಾಧನ ಬಳಸುವುದು ಈ ಬಗೆಯ ಗಡಿಯಾರವನ್ನೇ. ಕೆಲವರು ಅದರಲ್ಲೇ 20 ನಿಮಿಷದ ಅಡುಗೆ ಟೈಮರ್ ಕಟ್ಟಿಬಿಡುತ್ತಾರೆ. ಪರದೆ ಆನ್ ಇಟ್ಟು ಪರೀಕ್ಷಿಸಿದಾಗ ಸರಿಯಾಗೇ ಕೂಗುತ್ತದೆ. ಪರದೆ ಆರಿಸಿ ಫೋನ್ ಮಲಗಿದರೆ ಗಡಿಯಾರವೂ ಮಲಗುತ್ತದೆ. ನಿಮ್ಮ 20 ನಿಮಿಷ ಆ ಆಪ್‌ನ ಪಾಲಿಗೆ ಆರೇ ನಿಮಿಷ ಕಳೆದಂತೆ. ಕುಕ್ಕರ್ ಸೀಟಿಗೆ ಇಂಥ ತೊಂದರೆ ಇಲ್ಲ, ಅದು ಹಬೆಯ ಮಾತು ಮಾತ್ರ ಕೇಳುತ್ತದೆ.

ಆಟೋನೋ, ಬಸ್ಸೋ

ನಿಖರತೆಯ ಪ್ರಶ್ನೆಗೆ ಬರೋಣ. ಕುಮಟಾ ಬಸ್‌ನಿಲ್ದಾಣದಿಂದ ಬಾಡಕ್ಕೆ ಹೋಗಬೇಕು. ಆಟೋ ಹಿಡಿದರೆ ಈಗಲೇ ಹೊರಡಬಹುದು, ಖರ್ಚು ಹೆಚ್ಚು. ಬಸ್ಸಿಗೆ ಕಾದರೆ ನಲವತ್ತು ಜನ ಒಂದೇ ಡೀಸೆಲ್‌ನಲ್ಲಿ ಹೋಗುತ್ತಾರೆ, ಆದರೆ ಬಸ್ ಹೊರಡುವಾಗಲೇ ಹೊರಡಬೇಕು. ಫೋನಿನಲ್ಲಿ ಖರ್ಚಾಗುವುದು ಎಣಿಸುವುದಕ್ಕಲ್ಲ, ಮಲಗಿದ ಪ್ರೊಸೆಸರನ್ನು ಎಬ್ಬಿಸಿ ನಿಲ್ಲಿಸುವುದಕ್ಕೆ. ಹತ್ತು ಆಪ್‌ಗಳು ಹತ್ತು ಬೇರೆ ನಿಮಿಷಗಳಲ್ಲಿ ಎಬ್ಬಿಸಿದರೆ ಹತ್ತು ಆಟೋ. ಎಲ್ಲರನ್ನೂ ಒಂದೇ ಎಚ್ಚರಕ್ಕೆ ಸೇರಿಸಿದರೆ ಒಂದು ಬಸ್.

ಈ ಉಪಾಯ ಬಹಳ ಕೆಳಗಿನ ಮಟ್ಟದಿಂದಲೇ ಇದೆ. ಸಾಮಾನ್ಯ ಲಿನಕ್ಸ್ ಪ್ರೋಗ್ರಾಂ ಒಂದು ಟೈಮರ್ ಕೇಳಿದರೆ ಅದಕ್ಕೆ 50 ಮೈಕ್ರೋಸೆಕೆಂಡ್‌ಗಳ ಸಡಿಲಿಕೆ ತಾನಾಗಿಯೇ ಸೇರುತ್ತದೆ, ಹತ್ತಿರದ ಇನ್ನೊಂದರ ಜೊತೆ ಕೂಡಿಸಲು ಅನುಕೂಲವಾಗಲೆಂದು. ಸಾವಿರಾರು ಚೀಟಿಗಳನ್ನು ಇಟ್ಟುಕೊಳ್ಳುವ ಜಾಣ ವಿಧಾನವೂ ಹಳೆಯದೇ. ಐಐಟಿ ಬಾಂಬೆಯಲ್ಲಿ ಓದಿದ ಜಾರ್ಜ್ ವರ್ಗೀಸ್ ಮತ್ತು ಟೋನಿ ಲಾಕ್ 1987ರಲ್ಲಿ ಟೈಮರ್ ಚಕ್ರದ ಬಗ್ಗೆ ಬರೆದರು. ಗಡಿಯಾರದಂತೆ ಸುತ್ತುವ ಚಕ್ರ, ಅದರ ಪ್ರತಿ ಮನೆಗೂ ಒಂದು ಬುಟ್ಟಿ. ಚೀಟಿಯನ್ನು ಸರಿಯಾದ ಬುಟ್ಟಿಗೆ ಹಾಕಿದರೆ ಆಯಿತು, ಇಡೀ ರಾಶಿಯನ್ನು ಪದೇ ಪದೇ ಹುಡುಕಬೇಕಿಲ್ಲ. ಲಿನಕ್ಸ್ ಇಂದಿಗೂ ಒರಟು ಟೈಮರ್‌ಗಳಿಗೆ ಈ ಬಗೆಯ ಚಕ್ರವನ್ನೇ ಬಳಸುತ್ತದೆ. ಅತಿ ನಿಖರವಾದವಕ್ಕೆ ಬೇರೆಯದೇ ವ್ಯವಸ್ಥೆ 2006ರಲ್ಲಿ ಬಂತು.

ಆದರೆ ಯಾವ ಟೈಮರೂ ಇಂಥ ಕ್ಷಣಕ್ಕೆ ಸರಿಯಾಗಿ ಎಂದು ಮಾತು ಕೊಡುವುದಿಲ್ಲ. ಅದು ಕೊಡುವ ಮಾತು, ಈ ಕ್ಷಣಕ್ಕಿಂತ ಮೊದಲಂತೂ ಇಲ್ಲ ಎಂದಷ್ಟೆ. ಆಮೇಲೆ ಎಷ್ಟು ತಡವಾಗಬಹುದು ಎನ್ನುವುದರಲ್ಲೇ ದರ್ಜೆಗಳ ವ್ಯತ್ಯಾಸ.

ಆಂಡ್ರಾಯ್ಡ್‌ನಲ್ಲಿ ಈ ದರ್ಜೆಗಳು ವರ್ಷದಿಂದ ವರ್ಷಕ್ಕೆ ಬದಲಾಗಿವೆ, ಹಳೆಯ ಆಪ್‌ಗಳು ಎಡವುವುದೂ ಇದರಿಂದಲೇ. 2013ರ ಆಂಡ್ರಾಯ್ಡ್ 4.4ರವರೆಗೆ ಸಾಮಾನ್ಯ ಅಲಾರಂ ನಿಖರವಾಗಿತ್ತು. ಆಮೇಲೆ ಅದೇ ಹೆಸರಿನ ಸಾಧನ ಸಡಿಲವಾಯಿತು, ಬಸ್ ದರ್ಜೆಗೆ ಇಳಿಯಿತು. ಆಂಡ್ರಾಯ್ಡ್ 12ರಿಂದ ಈಚೆಗೆ, ಬ್ಯಾಟರಿ ಸೇವರ್ ಅಥವಾ ಡೋಜ್ ಇಲ್ಲದಿದ್ದರೆ, ಅದು ಕೇಳಿದ ಹೊತ್ತಿನಿಂದ ಒಂದು ಗಂಟೆಯೊಳಗೆ ಬರುತ್ತದೆ ಎನ್ನುವುದಷ್ಟೇ ಭರವಸೆ. ಅದರ ಮೇಲಿನದು ನಿಖರ ಅಲಾರಂ. ಹೆಸರಿಗೆ ನಿಖರವಾದರೂ ಡೋಜ್‌ನಲ್ಲಿ ಇದೂ ತಡೆಹಿಡಿಯಲ್ಪಡುತ್ತದೆ. ನಮ್ಮ ಬಾಡದ ಅಜ್ಜನ ಆಪ್ ಈ ಎರಡರಲ್ಲಿ ಯಾವುದನ್ನೋ ಬಳಸಿರಬೇಕು. ಮೂರನೆಯ ಬಗೆ ಡೋಜ್‌ನಲ್ಲೂ ಬರುತ್ತದೆ, ಆದರೆ ಒಂದು ಆಪ್‌ಗೆ 9 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಎಲ್ಲಕ್ಕೂ ಮೇಲೆ 2014ರ ಆಂಡ್ರಾಯ್ಡ್ 5ರಲ್ಲಿ ಬಂದ ಅಲಾರಂ ಗಡಿಯಾರ ದರ್ಜೆ. ಇದಕ್ಕಾಗಿ ಫೋನ್ ಸ್ವಲ್ಪ ಮೊದಲೇ ನಿದ್ರೆಯಿಂದ ಎದ್ದು ಸಿದ್ಧವಾಗಿ ನಿಲ್ಲುತ್ತದೆ. ನಿಮ್ಮ ಫೋನಿನ ಗಡಿಯಾರ ಆಪ್ ಬಳಸುವುದು ಇದನ್ನೇ. ಪರದೆಯ ಮೇಲಂಚಿನಲ್ಲಿ ಪುಟ್ಟ ಅಲಾರಂ ಗುರುತು ಮೂಡುವುದೂ ಇದರಿಂದಲೇ.

ಹಾಗಾದರೆ ಎಲ್ಲರೂ ಮೇಲಿನ ದರ್ಜೆಯನ್ನೇ ಕೇಳಬಹುದಲ್ಲ? ಕೇಳಿದರು, ಅದೇ ತೊಂದರೆಯಾಯಿತು. ಜಾಹೀರಾತು ತೋರಿಸುವ ಆಪ್‌ಗಳೂ ಆಟೋ ಹಿಡಿಯತೊಡಗಿದರೆ ಬ್ಯಾಟರಿ ಉಳಿಯುವುದುಂಟೇ! 2021ರ ಆಂಡ್ರಾಯ್ಡ್ 12ರಲ್ಲಿ ನಿಖರ ಟೈಮರ್‌ಗೆ ಅಲಾರಂ ಮತ್ತು ರಿಮೈಂಡರ್ ಎಂಬ ಪ್ರತ್ಯೇಕ ಅನುಮತಿ ಬಂತು. 2023ರ ಆಂಡ್ರಾಯ್ಡ್ 14ರಿಂದ ಹೊಸದಾಗಿ ಹಾಕುವ ಹೆಚ್ಚಿನ ಆಪ್‌ಗಳಿಗೆ ಅದು ತಾನಾಗಿ ಸಿಗುವುದಿಲ್ಲ, ನೀವೇ ಸೆಟಿಂಗ್ಸ್‌ಗೆ ಹೋಗಿ ಕೊಡಬೇಕು; ಅಲಾರಂ ಮತ್ತು ಕ್ಯಾಲೆಂಡರ್ ಆಪ್‌ಗಳಿಗೆ ಮಾತ್ರ ವಿನಾಯಿತಿ. ಹೊಸ ಫೋನ್ ಕೊಂಡ ಮೇಲೆ ಅದೇ ಮಾತ್ರೆ ಆಪ್ ಸೋಮಾರಿಯಾಯಿತು ಎನ್ನುವವರು ಮೊದಲು ನೋಡಬೇಕಾದದ್ದು ಈ ಅನುಮತಿಯನ್ನು.

ಐಫೋನ್‌ನ ರೀತಿ ಬೇರೆ. ಅಲ್ಲಿ ರಿಮೈಂಡರ್ ಆಪ್ ತಾನೇ ಎದ್ದು ಕೂಗುವುದಿಲ್ಲ. ಯಾವ ಹೊತ್ತಿಗೆ ಯಾವ ಸಂದೇಶ ತೋರಿಸಬೇಕೆಂದು ಮೊದಲೇ ವ್ಯವಸ್ಥೆಗೆ ಬರೆದುಕೊಟ್ಟಿರುತ್ತದೆ. ಹಾಗೆಂದು ಐಫೋನ್ ತಪ್ಪೇ ಮಾಡದು ಎಂದಲ್ಲ. 2011ರ ಜನವರಿ 1 ಮತ್ತು 2ರಂದು ಜಗತ್ತಿನ ಹಲವೆಡೆ ಐಫೋನ್‌ಗಳಲ್ಲಿ ಒಂದೇ ಸಲಕ್ಕೆಂದು ಇಟ್ಟ ಅಲಾರಂಗಳು ಹೊಡೆಯಲೇ ಇಲ್ಲ. ದಿನಾ ಮರುಕಳಿಸುವ ಅಲಾರಂಗಳು ಸರಿಯಾಗಿ ಹೊಡೆದವು. ಆಪಲ್ ತಪ್ಪನ್ನು ಒಪ್ಪಿಕೊಂಡಿತು.

ಕರೆ ಯಾವ ದಾರಿಯಿಂದ ಬರಬೇಕು

ಉಳಿದ ನಾಲ್ಕನೆಯ ಪ್ರಶ್ನೆ ಪ್ರೋಗ್ರಾಂ ಬರೆಯುವವರದು. ಕುಮಟಾ, ಹೊನ್ನಾವರಗಳಿಂದ ಬೆಂಗಳೂರಿಗೆ ಹೋಗಿ ಕೋಡ್ ಬರೆಯುವವರು ನಮ್ಮ ಓದುಗರಲ್ಲಿ ಸಾಕಷ್ಟಿದ್ದಾರೆ, ಹಾಗಾಗಿ ಇದನ್ನು ಬಿಡುವುದಿಲ್ಲ. ಉಳಿದವರೂ ಓದಬಹುದು, ಅಡುಗೆಮನೆಯ ಕತೆಯೇ.

ಯುನಿಕ್ಸ್‌ನ ಹಳೆಯ ದಾರಿ ಸಿಗ್ನಲ್. ಅಲಾರ್ಮ್ ಎಂಬ ಸಾಧನಕ್ಕೆ ಇಷ್ಟು ಸೆಕೆಂಡ್ ಎಂದು ಹೇಳಿದರೆ, ಹೊತ್ತಾದಾಗ ಅದು ಪ್ರೋಗ್ರಾಂನ ಬೆನ್ನಿಗೆ ತಟ್ಟುತ್ತದೆ, ಅದು ಏನು ಮಾಡುತ್ತಿದ್ದರೂ ಸರಿ. ನೀವು ಬಿಸಿ ಎಣ್ಣೆ ಬಗ್ಗಿಸುತ್ತಿರುವಾಗ ಹಿಂದಿನಿಂದ ಬೆನ್ನು ತಟ್ಟಿದಂತೆ. ಆ ಅರೆಗಳಿಗೆಯಲ್ಲಿ ಮಾಡಬಹುದಾದ ಕೆಲಸ ಬಹಳ ಕಡಿಮೆ. ಪ್ರೋಗ್ರಾಂ ಆಗಷ್ಟೇ ಮೆಮೊರಿ ಉಗ್ರಾಣದ ಬೀಗ ಹಾಕಿಕೊಂಡು ಒಳಗಿದ್ದು, ಬೆನ್ನು ತಟ್ಟಿದಾಗ ಓಡುವ ತುಣುಕೂ ಅದೇ ಬೀಗಕ್ಕೆ ಕಾಯತೊಡಗಿದರೆ ಇಬ್ಬರೂ ಅಲ್ಲೇ ನಿಂತುಬಿಡುತ್ತಾರೆ. ಇಂಥ ತಪ್ಪು ಸಾವಿರ ಸಲದಲ್ಲಿ ಒಮ್ಮೆ ಕಾಣಿಸಿಕೊಳ್ಳುವುದರಿಂದ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಬಳಸುವವರ ಕೈಯಲ್ಲಿ ಸಿಗುತ್ತದೆ. ಮೇಲಾಗಿ ಅಲಾರ್ಮ್ ಒಂದು ಪ್ರೋಗ್ರಾಂಗೆ ಒಂದೇ. ನೀವು ಬಳಸುವ ಯಾವುದೋ ಲೈಬ್ರರಿ ಒಳಗೊಳಗೇ ಅದನ್ನು ಬಳಸಿದ್ದರೆ ನಿಮ್ಮದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಸೆಟ್‌ಐಟೈಮರ್ ಸೂಕ್ಷ್ಮ ಸಮಯ ಕೊಡುತ್ತದೆ, ಕಾಯಿಲೆ ಮಾತ್ರ ಅದೇ.

ಟೈಮರ್‌ಕ್ರಿಯೇಟ್ ಎಂಬುದು ಬೇಕಾದಷ್ಟು ಟೈಮರ್ ಕೊಡುತ್ತದೆ, ಗಡಿಯಾರ ಆರಿಸಲೂ ಬಿಡುತ್ತದೆ. ಹೊತ್ತಾದಾಗ ಬೇರೆ ಥ್ರೆಡ್‌ನಲ್ಲಿ ಕರೆ ಎಂದೂ ಅದಕ್ಕೆ ಹೇಳಬಹುದು. ಬೆನ್ನು ತಟ್ಟುವ ಬದಲು ಹೊಸ ಕೆಲಸದಾಳನ್ನು ಕರೆದು ಕೆಲಸ ಒಪ್ಪಿಸಿದಂತೆ. ಒಂದೆರಡಕ್ಕೆ ಸರಿ, ಕ್ಷಣಕ್ಕೆ ನೂರು ಬಾರಿ ಆದರೆ ಅಡುಗೆಮನೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ನಮ್ಮ ಒಲವು ಟೈಮರ್‌ಎಫ್‌ಡಿ ಕಡೆಗೆ. 2008ರಿಂದ ಲಿನಕ್ಸ್‌ನಲ್ಲಿ ಇಂದಿನ ರೂಪದಲ್ಲಿ ಇದೆ. ಇದರಲ್ಲಿ ಟೈಮರ್ ಒಂದು ಫೈಲಿನಂತೆ ಕಾಣುತ್ತದೆ; ಹೊತ್ತಾದಾಗ ಅದರಲ್ಲಿ ಓದಲು ಏನೋ ಬಂದು ಬಿದ್ದಿರುತ್ತದೆ. ಬೆನ್ನು ತಟ್ಟುವವರಿಲ್ಲ, ಜಗಲಿಯ ಡಬ್ಬಿಗೆ ಚೀಟಿ ಬೀಳುತ್ತದೆ, ಕೈಯ ಕೆಲಸ ಮುಗಿಸಿ ನೋಡುತ್ತೀರಿ. ನೆಟ್‌ವರ್ಕ್‌ನಿಂದ ಬಂದದ್ದು, ಬೆರಳು ಮುಟ್ಟಿದ್ದು, ಟೈಮರ್ ಮುಗಿದದ್ದು ಎಲ್ಲವನ್ನೂ ಈಪೋಲ್ ಎಂಬ ಒಂದೇ ಬಾಗಿಲಲ್ಲಿ ಕೂತು ಕಾಯಬಹುದು. ನೀವು ತಡಮಾಡಿದಾಗ ಎಷ್ಟು ಬಾರಿ ಹೊತ್ತು ಮೀರಿತು ಎಂಬ ಎಣಿಕೆಯನ್ನೂ ಅದು ಕೊಡುತ್ತದೆ, ಇದು ಪುನರಾವರ್ತನೆಯ ಟೈಮರ್‌ಗಳಲ್ಲಿ ಬಹಳ ಉಪಕಾರಿ. ಗೋಡೆ ಗಡಿಯಾರವನ್ನು ಯಾರಾದರೂ ತಿರುಗಿಸಿದರೆ ತಿಳಿಸು ಎಂದೂ ಕೇಳಿಕೊಳ್ಳಬಹುದು. ಮಲಗಿದ ಯಂತ್ರವನ್ನು ಎಬ್ಬಿಸುವ ಗಡಿಯಾರಗಳನ್ನೂ ಇದಕ್ಕೆ ಜೋಡಿಸಬಹುದು, ಆದರೆ ಅದಕ್ಕೆ ವಿಶೇಷ ಹಕ್ಕು ಬೇಕು. ಫೋನಿನಲ್ಲಿ ಸಾಮಾನ್ಯ ಆಪ್‌ಗೆ ಆ ಹಕ್ಕು ಸಿಗದು, ಅಲಾರಂ ಮ್ಯಾನೇಜರ್ ಮೂಲಕವೇ ಹೋಗಬೇಕು. ಲಿನಕ್ಸ್ ಬಿಟ್ಟು ಬೇರೆ ವ್ಯವಸ್ಥೆಗಳಲ್ಲೂ ಓಡಬೇಕಾದ ಪ್ರೋಗ್ರಾಂ ಆದರೆ ಟೈಮರ್‌ಎಫ್‌ಡಿಯನ್ನೇ ನಂಬಿ ಕೂರುವಂತಿಲ್ಲ ಎನ್ನುವುದನ್ನೂ ಹೇಳಬೇಕು.

ಗಡಿಯಾರಗಳ ನಡುವೆ ತಾಳ ತಪ್ಪಿದರೆ ಏನಾಗುತ್ತದೆ ಎನ್ನುವುದು 2012ರ ಜುಲೈ 1ರಂದು ಎಲ್ಲರಿಗೂ ಕಂಡಿತು. ನಮ್ಮಲ್ಲಿ ಆಗ ಬೆಳಗಿನ ಐದೂವರೆ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಆ ಕ್ಷಣದಲ್ಲಿ ಜಗತ್ತಿನ ಗಡಿಯಾರಕ್ಕೆ ಒಂದು ಸೆಕೆಂಡ್ ಹೆಚ್ಚು ಸೇರಿಸಲಾಯಿತು. ಲಿನಕ್ಸ್‌ನ ಗೋಡೆ ಗಡಿಯಾರ ಸರಿಹೋಯಿತು, ಆದರೆ ನಿಖರ ಟೈಮರ್‌ಗಳ ವಿಭಾಗಕ್ಕೆ ಆ ಸುದ್ದಿ ತಲುಪಲಿಲ್ಲ. ಅದು ಒಂದು ಸೆಕೆಂಡ್ ಮುಂದೆಯೇ ಉಳಿಯಿತು. ಹಾಗಾಗಿ ಒಂದು ಸೆಕೆಂಡಿಗಿಂತ ಕಡಿಮೆ ಕಾಯಬೇಕಿದ್ದ ಚೀಟಿಗಳು ಕೊಟ್ಟ ಕೂಡಲೇ ಹೊತ್ತಾಯಿತು ಎಂದು ವಾಪಸ್ ಬರತೊಡಗಿದವು. ಪ್ರೋಗ್ರಾಂಗಳು ಮತ್ತೆ ಕೇಳಿದವು, ಮತ್ತೆ ತಕ್ಷಣ ಬಂತು, ಹೀಗೇ ಸುತ್ತಿ ಸರ್ವರ್‌ಗಳು ಬಿಸಿಯಾಗಿ ರೆಡ್ಡಿಟ್, ಮೊಜಿಲ್ಲಾದಂಥ ತಾಣಗಳು ತಡವರಿಸಿದವು. ಪರಿಹಾರ ನಗು ಬರಿಸುವಂತಿತ್ತು: ಗಡಿಯಾರಕ್ಕೆ ಆಗ ಇರುವ ಸಮಯವನ್ನೇ ಇನ್ನೊಮ್ಮೆ ಕೊಟ್ಟರೆ ಸಾಕು, ಎಲ್ಲ ತಾಳಕ್ಕೆ ಬರುತ್ತಿತ್ತು. ಈ ಹೆಚ್ಚುವರಿ ಸೆಕೆಂಡಿನ ಪದ್ಧತಿಯನ್ನು 2035ರೊಳಗೆ ಕೈಬಿಡಲು 2022ರಲ್ಲಿ ಅಂತಾರಾಷ್ಟ್ರೀಯ ಮಾಪನ ಸಮ್ಮೇಳನ ತೀರ್ಮಾನಿಸಿದೆ.

ಮೇಲಕ್ಕೆ ತಳ್ಳಿ ಮುಚ್ಚುವ ಚಟ

ಫಾರ್ವರ್ಡ್‌ನ ಮೊದಲ ಸಲಹೆಗೆ ಮರಳೋಣ. ಇತ್ತೀಚೆಗೆ ಬಳಸಿದ ಆಪ್‌ಗಳ ಪಟ್ಟಿಯಲ್ಲಿ ಕಾಣುವುದು ಹೆಚ್ಚಾಗಿ ಓಡುತ್ತಿರುವ ಆಪ್‌ಗಳಲ್ಲ, ನೀವು ತೆರೆದಿದ್ದವುಗಳ ನೆನಪು ಮಾತ್ರ. ಮುಚ್ಚಿ ಮತ್ತೆ ತೆರೆದರೆ ಮೊದಲಿನಿಂದ ಶುರುವಾಗಬೇಕು, ಅದಕ್ಕೇ ಹೆಚ್ಚು ಶಕ್ತಿ ಬೇಕು. ಆಗ ಆಂಡ್ರಾಯ್ಡ್ ಮುಖ್ಯಸ್ಥರಾಗಿದ್ದ ಹಿರೋಶಿ ಲಾಕ್‌ಹೈಮರ್ ಮತ್ತು ಆಪಲ್‌ನ ಕ್ರೇಗ್ ಫೆಡೆರಿಗಿ ಇಬ್ಬರೂ 2016ರ ಮಾರ್ಚ್‌ನಲ್ಲೇ ಇದರಿಂದ ಬ್ಯಾಟರಿ ಉಳಿಯದು ಎಂದಿದ್ದರು. ಅಂದಿನಿಂದ ವರ್ಷಗಳೇ ಕಳೆದವು, ಫಾರ್ವರ್ಡ್ ಮಾತ್ರ ನಿಂತಿಲ್ಲ.

ಸಾಮಾನ್ಯ ಆಂಡ್ರಾಯ್ಡ್‌ನಲ್ಲಿ ಹೀಗೆ ತಳ್ಳಿದರೆ ಅಲಾರಂ ಚೀಟಿ ಹರಿಯುವುದಿಲ್ಲ. ಆದರೆ ಕೆಲವು ಕಂಪನಿಗಳು ತಮ್ಮದೇ ಬದಲಾವಣೆ ಮಾಡಿರುವ ಫೋನ್‌ಗಳಲ್ಲಿ ಹರಿಯುತ್ತದೆ. ಇನ್ನು ಸೆಟಿಂಗ್ಸ್‌ನಲ್ಲಿ ಫೋರ್ಸ್ ಸ್ಟಾಪ್ ಒತ್ತಿದರೆ ಎಲ್ಲ ಫೋನ್‌ಗಳಲ್ಲೂ ಆ ಆಪ್‌ನ ಚೀಟಿಗಳೆಲ್ಲ ರದ್ದು, ನೀವು ಅದನ್ನು ಮತ್ತೆ ತೆರೆಯುವವರೆಗೆ. ಬ್ಯಾಟರಿ ಉಳಿಸುವ ಆಪ್ ಎಂದು ಹಾಕಿಕೊಂಡವುಗಳಲ್ಲಿ ಕೆಲವು ಮಾಡುವುದೂ ಇಂಥದ್ದನ್ನೇ. ಮಾತ್ರೆ ಆಪ್ ಇರುವ ಫೋನಿನಲ್ಲಿ ಅಂಥವು ಇರಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಫೋನ್ ಆಫ್ ಇದ್ದರೂ ಅಲಾರಂ ಹೊಡೆಯುತ್ತದೆ ಎನ್ನುವ ನಂಬಿಕೆಯೂ ಹಲವರಲ್ಲಿದೆ. ಅದು ಸುಳ್ಳಲ್ಲ, ಹಳೆಯದು. ನೋಕಿಯಾದ ಹಲವು ಕೀಪ್ಯಾಡ್ ಫೋನ್‌ಗಳು ಹಾಗೆ ಹೊಡೆಯುತ್ತಿದ್ದವು. ಈಗಿನ ಹೆಚ್ಚಿನ ಸ್ಮಾರ್ಟ್‌ಫೋನ್‌ಗಳಲ್ಲಿ ಅದು ನಡೆಯುವುದಿಲ್ಲ. ರೀಸ್ಟಾರ್ಟ್ ಆದಾಗಲಂತೂ ಆಪ್‌ಗಳ ಚೀಟಿಗಳೆಲ್ಲ ಅಳಿಸಿಹೋಗಿ, ಪ್ರತಿ ಆಪ್ ತನ್ನದನ್ನು ಮತ್ತೆ ಬರೆಯಬೇಕು. ರಾತ್ರಿ ಅಪ್‌ಡೇಟ್ ಆಗಿ ಫೋನ್ ತಾನೇ ರೀಸ್ಟಾರ್ಟ್ ಆದರೆ, ನೀವು ಒಮ್ಮೆ ಪಿನ್ ಹಾಕಿ ತೆರೆಯುವವರೆಗೆ ಹೆಚ್ಚಿನ ಆಪ್‌ಗಳಿಗೆ ಆ ಅವಕಾಶವೇ ಸಿಗುವುದಿಲ್ಲ. ಆ ಬೆಳಗಿನ ರಿಮೈಂಡರ್ ಹೋಯಿತೆಂದೇ ಲೆಕ್ಕ. ಹಿರಿಯರ ಫೋನಿನಲ್ಲಿ ರಾತ್ರಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ನೀವು ಊರಿಗೆ ಹೋದಾಗ ಹಗಲಿನಲ್ಲಿ ಮಾಡಿಕೊಡುವುದು ಲೇಸು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಹೊತ್ತು ತಪ್ಪಬಾರದ ಔಷಧಕ್ಕೆ ನಾವು ಹೇಳುವುದು ಇಷ್ಟು: ಮಾತ್ರೆ ಆಪ್ ಏನೇ ಇರಲಿ, ಫೋನಿನದೇ ಗಡಿಯಾರ ಆಪ್‌ನಲ್ಲಿ ಅದೇ ಹೊತ್ತಿಗೆ ಇನ್ನೊಂದು ಅಲಾರಂ ಇಡಿ. ಅದು ಮೇಲಿನ ದರ್ಜೆಯದು. ಮಾತ್ರೆ ಆಪ್‌ಗೆ ಅಲಾರಂ ಮತ್ತು ರಿಮೈಂಡರ್ ಅನುಮತಿ ಕೊಡಿ, ಬ್ಯಾಟರಿ ವಿಭಾಗದಲ್ಲಿ ಅದಕ್ಕೆ ನಿರ್ಬಂಧವಿಲ್ಲ ಎಂದು ಆರಿಸಿ, ಬಳಸದಿದ್ದರೆ ಆಪ್ ಚಟುವಟಿಕೆ ನಿಲ್ಲಿಸು ಎಂಬುದನ್ನು ಆಫ್ ಮಾಡಿ. ಈ ಕೊನೆಯದನ್ನು ಹೆಚ್ಚಿನವರು ನೋಡಿಯೇ ಇರುವುದಿಲ್ಲ. ತಿಂಗಳುಗಟ್ಟಲೆ ತೆರೆಯದ ಆಪ್ ಅನ್ನು ಫೋನ್ ತಾನಾಗಿಯೇ ಶೀತನಿದ್ರೆಗೆ ಕಳುಹಿಸುತ್ತದೆ.

ಆಮೇಲೆ ಪರೀಕ್ಷಿಸಿ. ಚಾರ್ಜರ್ ಕಳಚಿ, ಮೂರು ಗಂಟೆ ನಂತರಕ್ಕೆ ಆ ಆಪ್‌ನಲ್ಲಿ ಒಂದು ರಿಮೈಂಡರ್ ಇಟ್ಟು, ಪರದೆ ಆರಿಸಿ, ಫೋನನ್ನು ಕಪಾಟಿನ ಮೇಲೆ ಇಟ್ಟುಬಿಡಿ. ಕಿಸೆಯಲ್ಲಿ ಬೇಡ, ಅಲುಗಾಡಿದರೆ ಅದು ಮಲಗುವುದಿಲ್ಲ. ಮಧ್ಯೆ ಹೊತ್ತು ನೋಡಲು ಮುಟ್ಟಬೇಡಿ, ಅದಕ್ಕೆ ಗೋಡೆ ಗಡಿಯಾರ ಇದೆ. ಕೂಗಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಒಂದೆರಡು ನಿಮಿಷದೊಳಗೆ ಬಂದರೆ ಕರೆಂಟ್ ಹೋದ ರಾತ್ರಿಯೂ ಬರುವ ಸಾಧ್ಯತೆ ಹೆಚ್ಚು. 20 ನಿಮಿಷ ತಡವಾದರೆ, ಅಥವಾ ನೀವು ಹೋಗಿ ಫೋನ್ ಎತ್ತಿದಾಗಲೇ ಬಂದರೆ, ಆ ಆಪ್ ಬಸ್ಸಿನಲ್ಲಿ ಬರುತ್ತಿದೆ. ಬೇರೆ ಆಪ್ ಹುಡುಕಿ, ಇದೇ ಪರೀಕ್ಷೆ ಅದಕ್ಕೂ ಮಾಡಿ.